ಗಟ್ಟಿತನಕ್ಕಿಂತ ಅಂಚು ಮುಖ್ಯ



ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಕಡೆಯ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಈಗ ಐವತ್ತು ದಾಟಿದೆ. ಭೇಟಿಯಾದಾಗ ಹಲ್ಲಿನ ಮಾತೂ ಬರುತ್ತದೆ: “ಮೇಷ್ಟ್ರೇ, ಜಿರ್ಕೋನಿಯಾ ಕ್ಯಾಪ್ ಹಾಕಿಸಲೋ, ಬೇರೆ ಪಿಂಗಾಣಿಯದೋ?” ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಕ್ಯಾಪಿನ ಅಂಚು ಹಲ್ಲಿಗೆ ಸರಿಯಾಗಿ ಕೂರುತ್ತದೆಯೇ?

ವಸ್ತುಗಳ ಗುಣ ಬೇರೆಬೇರೆ ಎಂಬುದು ನಿಜ. ಹಳೆಯ ಬಗೆಯ ಪಿಂಗಾಣಿ ನೋಡಲು ಸಹಜವಾದರೂ ಪೆಡಸು. ಆದ್ದರಿಂದಲೇ ಅದಕ್ಕೆ ಒಳಗೆ ಲೋಹದ ಆಸರೆ. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನ ಜಾತಿಯ ಸೆರಾಮಿಕ್ ಬಾಗಿಸುವ ಒತ್ತಡವನ್ನು ಸುಮಾರು 400 ಮೆಗಾಪಾಸ್ಕಲ್‌ವರೆಗೆ ತಾಳುತ್ತದೆ; ಸಾಂಪ್ರದಾಯಿಕ ಜಿರ್ಕೋನಿಯಾ 900ಕ್ಕೂ ಹೆಚ್ಚು. ಆದ್ದರಿಂದ ಅಗಿಯುವ ದವಡೆ ಹಲ್ಲಿಗೆ ಜಿರ್ಕೋನಿಯಾ, ನಗುವಾಗ ಕಾಣುವ ಮುಂದಿನ ಹಲ್ಲಿಗೆ ಬೆಳಕು ಹಾಯುವ ಡೈಸಿಲಿಕೇಟ್ ಎಂದು ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ.

ಆದರೆ ಕ್ಯಾಪ್ ಎಷ್ಟೇ ಗಟ್ಟಿಯಿರಲಿ, ಅಂಚಿನಲ್ಲಿ ಸಂದು ಉಳಿದರೆ ಸಿಮೆಂಟು ಕರಗಿ ಒಳಗಿನ ಹಲ್ಲು ಹುಳುಕಾಗಬಹುದು, ಒಸಡು ಊದಬಹುದು. 1971ರಲ್ಲಿ ಮೆಕ್ಲೀನ್ ಮತ್ತು ಫಾನ್ ಫ್ರೌನ್‌ಹೋಫರ್ ಎಂಬ ಸಂಶೋಧಕರು ಸೂಚಿಸಿದ 120 ಮೈಕ್ರಾನ್, ಅಂದರೆ ಮಿಲಿಮೀಟರಿನ ಸುಮಾರು ಎಂಟನೇ ಒಂದು ಭಾಗ, ಆ ಸಂದಿನ ಮಿತಿಯೆಂದು ಇಂದಿಗೂ ಉಲ್ಲೇಖವಾಗುತ್ತದೆ. ಎರಡೂ ವಸ್ತುಗಳಿಂದ ಈ ಮಿತಿಯೊಳಗೆ ಕೂರುವ ಕ್ಯಾಪ್ ಮಾಡಬಹುದು, ಸಡಿಲವಾದುದನ್ನೂ ಮಾಡಬಹುದು. ಜಿರ್ಕೋನಿಯಾ ಕುಲುಮೆಯಲ್ಲಿ ಸುಮಾರು ಐದನೇ ಒಂದು ಭಾಗ ಕುಗ್ಗುವುದರಿಂದ, ಆ ಲೆಕ್ಕ ಹಿಡಿದು ಮೊದಲೇ ದೊಡ್ಡದಾಗಿ ಕಡೆಯಬೇಕು. ಹಲ್ಲನ್ನು ಅರೆಯುವ, ಅಳತೆ ತೆಗೆಯುವ, ಕ್ಯಾಪ್ ತಯಾರಿಸುವ ಕೈಗಳ ನಿಷ್ಠೆಯೇ ಇಲ್ಲಿ ನಿರ್ಣಾಯಕ.

ನಮ್ಮ ಜಿಲ್ಲೆಗೆ ಇನ್ನೊಂದು ಮಾತು ಸಲ್ಲುತ್ತದೆ. ಇಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವುದು ಕಂಡುಬಂದಿದೆ. ಬಾಲ್ಯದಲ್ಲಿ ಅಂಥ ನೀರು ಕುಡಿದವರ ಹಲ್ಲಿನಲ್ಲಿ ಕಂದು ಮಚ್ಚೆಗಳು ಮೂಡುತ್ತವೆ. ಅವನ್ನು ಮರೆಮಾಡಲೆಂದೇ ಮದುವೆಗೆ ಮುನ್ನ ಗಟ್ಟಿ ಹಲ್ಲುಗಳನ್ನು ಅರೆಸಿ ಕ್ಯಾಪ್ ಹಾಕಿಸುವುದು ನನಗೆ ಸರಿಕಾಣದು. ಅರೆದುಹೋದ ಎನಾಮಲ್ ಮತ್ತೆ ಬೆಳೆಯದು. ಸೌಮ್ಯವಾದ ಮಚ್ಚೆಗೆ ಮೇಲ್ಪದರವನ್ನು ತೆಳುವಾಗಿ ಉಜ್ಜುವ, ಬಿಳುಪುಗೊಳಿಸುವ ಚಿಕಿತ್ಸೆಗಳಿವೆ. ಮೊದಲು ಅವನ್ನು ವಿಚಾರಿಸಿ. ಚಿತ್ರದುರ್ಗದಲ್ಲೇ ದಂತ ವೈದ್ಯಕೀಯ ಕಾಲೇಜು ಇರುವುದರಿಂದ ಎರಡನೆಯ ಅಭಿಪ್ರಾಯಕ್ಕೆ ದೂರ ಹೋಗಬೇಕಾಗಿಲ್ಲ.

ಕ್ಯಾಪ್ ಅನಿವಾರ್ಯವಾದರೆ, ಸಿಮೆಂಟು ಹಾಕುವ ಮುನ್ನ ಅಂಚನ್ನು ಸುತ್ತಲೂ ಪರೀಕ್ಷಿಸುವಂತೆ ವೈದ್ಯರನ್ನು ವಿನಯದಿಂದ ಕೇಳಿ. ಮನೆಗೆ ಬಂದ ಮೇಲೆ ಹಲ್ಲುಸಂದಿಗೆ ಹಾಕಿದ ಫ್ಲಾಸ್ ದಾರ ಅಂಚಿಗೆ ಸಿಕ್ಕಿ ಹರಿಯುತ್ತಿದ್ದರೆ, ಸಂಕೋಚಪಡದೆ ಮರಳಿ ಹೋಗಿ ತೋರಿಸಿ. ಹಣ ಕೊಟ್ಟವರಿಗೆ ಅಷ್ಟು ಕೇಳುವ ಹಕ್ಕಿದೆ.