‘ಸರ್ವರ್ ಡೌನ್’ ಅನ್ನುವ ಮೊದಲು ಸ್ವಿಚ್ ಮುಟ್ಟಿ ನೋಡಿ

ದೇವದುರ್ಗವಾಗಲಿ, ಮಾನ್ವಿಯಾಗಲಿ, ಜಾತಿ-ಆದಾಯ ಪ್ರಮಾಣಪತ್ರಕ್ಕೋ ಪಹಣಿಗೋ ಸಾಲು ನಿಂತವರಿಗೆ ಮಧ್ಯಾಹ್ನ ಕೇಳುವ ಮಾತು ಒಂದೇ: ‘ಸರ್ವರ್ ಡೌನ್ ಐತ್ರಿ, ನಾಳಿ ಬರ್ರಿ.’ ಹತ್ತಿ ಬಿಡಿಸುವ ಕೆಲಸ ಬಿಟ್ಟು ಬಂದ ಹೆಣ್ಣುಮಗಳಿಗೆ ಆ ‘ನಾಳಿ’ ಅಂದರೆ ಇನ್ನೊಂದು ದಿನದ ಕೂಲಿ ಹೋದಂತೆ. ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ ಇರಬಹುದು, ಹೋದ ಕೂಲಿಯನ್ನು ಯಾರೂ ಕೊಡುವುದಿಲ್ಲ.

ಸರ್ವರ್‌ಗೇ ತೊಂದರೆ ಆಗುವುದೂ ಉಂಟು. 2025ರ ಜನವರಿಯಲ್ಲಿ ಕಾವೇರಿ 2.0 ತಂತ್ರಾಂಶದ ಮೇಲೆ ಸುಳ್ಳು ಕೋರಿಕೆಗಳನ್ನು ಸುರಿದು ದಾಳಿ ಮಾಡಿದಾಗ ರಾಜ್ಯದ ತುಂಬ ಆಸ್ತಿ ನೋಂದಣಿ ಕುಂಟಿತು. ಆದರೆ ಅಂಥ ದಿನ ಎಲ್ಲ ಊರಲ್ಲೂ ಒಟ್ಟಿಗೆ ಕೆಲಸ ನಿಲ್ಲುತ್ತದೆ. ಪಕ್ಕದ ತಾಲ್ಲೂಕಿನಲ್ಲಿ ಕೆಲಸ ನಡೆದು ನಮ್ಮಲ್ಲಿ ಮಾತ್ರ ನಿಂತಿದ್ದರೆ ದೋಷವನ್ನು ಬೆಂಗಳೂರಿನಲ್ಲಿ ಹುಡುಕಬೇಕಿಲ್ಲ.

ರಾಯಚೂರು ನಗರದ ಒಂದು ಸಣ್ಣ ಕಚೇರಿಯಿಂದ ನಾವು ಸುದ್ದಿ ಕಳಿಸುತ್ತಿದ್ದೆವು. ಬೇಸಿಗೆಯಲ್ಲಿ ಬೆಳಿಗ್ಗೆ ನೆಟ್ ಸರಾಗ, ಎರಡು ಗಂಟೆಯ ಮೇಲೆ ಆಮೆ ನಡಿಗೆ, ಸಂಜೆ ಮತ್ತೆ ಸರಿ. ದಿನಾ ನೆಟ್ ಕಂಪನಿಯವರನ್ನು ಬೈದೆವು. ಕೊನೆಗೊಂದು ದಿನ ನಮ್ಮದೇ ರೂಟರಿಗೆ ಪಿಂಗ್ ಕೊಟ್ಟು ನೋಡಿದೆವು. ಬೆಳಿಗ್ಗೆ 1 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರ ಮಧ್ಯಾಹ್ನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಲ್ಲ ಕಂಪ್ಯೂಟರಿನಲ್ಲೂ ಇದೇ ಪಾಡು. ಅಂದರೆ ದೋಷ ಕಚೇರಿಯ ಒಳಗೇ ಇದೆ, ಅದೂ ಯಾವುದೋ ಒಂದು ಕೇಬಲ್ಲಿನದಲ್ಲ. ಕಟ್ಟಿಗೆ ಪೆಟ್ಟಿಗೆಯೊಳಗೆ ಬಾಗಿಲು ಹಾಕಿ ಇಟ್ಟಿದ್ದ ಸ್ವಿಚ್ ಮುಟ್ಟಿದರೆ ಕೈ ಸುಡುತ್ತಿತ್ತು. ಇಂಥ ಸಣ್ಣ ಸ್ವಿಚ್‌ಗಳನ್ನು ಸಾಮಾನ್ಯವಾಗಿ 40 ಡಿಗ್ರಿವರೆಗಿನ ಬಿಸಿಗೆಂದು ಮಾಡಿರುತ್ತಾರೆ. ರಾಯಚೂರಿನ ಬೇಸಿಗೆಯಲ್ಲಿ ಪೆಟ್ಟಿಗೆಯ ಹೊರಗೇ 40 ದಾಟುತ್ತದೆ. ಸ್ವಿಚ್ ಹೊರಗೆ ತೆಗೆದು ಗಾಳಿ ಆಡುವ ಕಡೆ ಇಟ್ಟೆವು. ಕಾಟ ನಿಂತಿತು. ಖರ್ಚು ಒಂದು ರೂಪಾಯಿಯೂ ಇಲ್ಲ.

ಎಲ್ಲ ಕಡೆಯೂ ಬಿಸಿಯೇ ಕಾರಣ ಎಂದಲ್ಲ. ಇಲಿ ಕಡಿದ ಕೇಬಲ್ ಇರಬಹುದು, ಸಡಿಲಾದ ಪಿನ್ ಇರಬಹುದು, ಕೆಲಸದ ಹೊತ್ತಿನಲ್ಲೇ ಅಪ್‌ಡೇಟ್ ಇಳಿಸಿಕೊಳ್ಳುವ ಕಂಪ್ಯೂಟರ್ ಇರಬಹುದು. ಹುಡುಕಲು ಮೂರು ಪ್ರಶ್ನೆ ಸಾಕು. ತೊಂದರೆ ಒಂದೇ ಕಂಪ್ಯೂಟರಿಗೋ, ಎಲ್ಲಕ್ಕೂನೋ? ರೂಟರ್ ಉತ್ತರ ಕೊಡುತ್ತದೆಯೋ, ಅದರಾಚೆ ನಿಲ್ಲುತ್ತದೆಯೋ? ದಿನಾ ಅದೇ ಹೊತ್ತಿಗೋ? ಬಂದು ಹೋಗುವ ದೋಷ ರಿಪೇರಿಯವರು ಬಂದಾಗ ಇರುವುದಿಲ್ಲ. ಅದಕ್ಕೇ ಈ ಉತ್ತರಗಳನ್ನು ಆ ಕ್ಷಣವೇ ಬರೆದಿಡಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ಕಚೇರಿಯ ಕಂಪ್ಯೂಟರ್ ಪಕ್ಕ ಒಂದು ನೋಟ್‌ಬುಕ್ ಇರಲಿ. ಎಷ್ಟಕ್ಕೆ ನಿಂತಿತು, ಎಲ್ಲಿ ನಿಂತಿತು, ಯಾರಿಗೆ ದೂರು ಕೊಟ್ಟೆವು ಎಂದು ದಿನಾಂಕ ಹಾಕಿ ಬರೆಯಲಿ. ಜನರ ಬೈಗುಳ ತಿನ್ನುವವನು ಗುತ್ತಿಗೆಯ ಆಪರೇಟರ್. ತನ್ನ ತಪ್ಪಿಲ್ಲ ಎಂದು ಹೇಳಲು ಅವನಿಗೂ ಆ ನೋಟ್‌ಬುಕ್ಕೇ ಆಧಾರ. ಮೇಲಧಿಕಾರಿಗಳು ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಲಿ.

ಕೂಲಿ ಬಿಟ್ಟು ಬಂದವರನ್ನು ‘ನಾಳಿ ಬರ್ರಿ’ ಎಂದು ಕಳಿಸುವ ಕಚೇರಿ, ಇವತ್ತು ಏನಾಯಿತು ಎಂಬುದನ್ನಾದರೂ ಬರೆದು ತೋರಿಸಬೇಕು.