ಹೊಗೆ ತೊಳೆದ ನೀರು ಯಾರ ಪಾಲಿಗೆ?

2020ರ ಜನವರಿ 1ರಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ 3.5ರಿಂದ ಶೇ 0.5ಕ್ಕೆ ಇಳಿಸಿದಾಗ, ಸರಕು ಸಾಗಣೆಯ ನಡುವೇ ಮುರಿಯುತ್ತದೆ ಎಂಬ ಕೂಗೆದ್ದಿತ್ತು. ಮುರಿಯಲಿಲ್ಲ. ಆದರೆ ಹೊರೆ ಎಲ್ಲರ ಹೆಗಲಿಗೂ ಒಂದೇ ತೆರನಾಗಿ ಬೀಳಲಿಲ್ಲ.

ಕಚ್ಚಾ ತೈಲ ಸಂಸ್ಕರಿಸಿದ ಮೇಲೆ ತಳದಲ್ಲಿ ಉಳಿಯುವ, ಕಾಯಿಸದೆ ಸರಿಯಾಗಿ ಹರಿಯದ, ಗಂಧಕ ಹೆಚ್ಚಿರುವ ಮಂದ ಎಣ್ಣೆಯೇ ಹಡಗುಗಳು ದಶಕಗಳಿಂದ ಸುಡುತ್ತಿದ್ದ ಅಗ್ಗದ ಇಂಧನ. ನಿಯಮ ಜಾರಿಯಾದ ಹೊಸತರಲ್ಲಿ ಸಿಂಗಪುರದಲ್ಲಿ ಆ ಎಣ್ಣೆಗೂ, ಕಡಿಮೆ ಗಂಧಕದ ಎಣ್ಣೆಗೂ ಟನ್ನಿಗೆ ಸುಮಾರು 300 ಡಾಲರ್ ಅಂತರವಿತ್ತು. ದಿನಕ್ಕೆ 50 ಟನ್ ಸುಡುವ ಹಡಗಿಗೆ ದಿನವೊಂದಕ್ಕೆ 15,000 ಡಾಲರ್ ವ್ಯತ್ಯಾಸ. ಕೆಲವು ದಶಲಕ್ಷ ಡಾಲರ್ ಸುರಿದು, ನಿಯಮ ಒಪ್ಪುವ, ಹೊಗೆಯ ಗಂಧಕ ತೊಳೆಯುವ ಸ್ಕ್ರಬ್ಬರ್ ಎಂಬ ಸಾಧನ ಕೂರಿಸಿಕೊಂಡವರು ಹಳೆಯ ಎಣ್ಣೆಯನ್ನೇ ಸುಟ್ಟು ಲಾಭ ಎಣಿಸಿದರು. ಬಂಡವಾಳವಿಲ್ಲದ ಸಣ್ಣ ಮಾಲೀಕರು ಪೂರ್ತಿ ಬೆಲೆ ತೆತ್ತರು. ಕೆಲವೇ ತಿಂಗಳಲ್ಲಿ ಕೋವಿಡ್ ಬಂದು, ತೈಲ ಬೆಲೆ ನೆಲಕಚ್ಚಿ ಆ ಅಂತರ ಕರಗಿತು. ಸ್ಕ್ರಬ್ಬರ್‌ಗೆ ಮಾಡಿದ ಸಾಲದ ಕಂತು ಮಾತ್ರ ಕರಗಲಿಲ್ಲ.

ನಿಯಮದ ಬಗ್ಗೆ ನಮಗೆ ತಕರಾರಿಲ್ಲ. ಬಂದರು ಊರುಗಳ ಶ್ವಾಸಕೋಶಕ್ಕೆ ಅದು ಬೇಕೇಬೇಕಿತ್ತು. ತಕರಾರಿರುವುದು ಕಳ್ಳದಾರಿಯ ಬಗ್ಗೆ. ತೆರೆದ ಮಾದರಿಯ ಸ್ಕ್ರಬ್ಬರ್ ಹೊಗೆ ತೊಳೆದ ಆಮ್ಲೀಯ ನೀರನ್ನು ಸಮುದ್ರಕ್ಕೇ ಬಿಡುತ್ತದೆ. ಗಾಳಿಯ ಕೊಳೆ ನೀರಿಗೆ ಹೋಯಿತು, ಅದೂ ಕಾನೂನಿನ ಒಪ್ಪಿಗೆಯೊಂದಿಗೆ! ಸಿಂಗಪುರ ತನ್ನ ಬಂದರಿನಲ್ಲಿ ಇದನ್ನು ನಿಷೇಧಿಸಿದೆ. 2025ರ ಮೇ 1ರಿಂದ ಮೆಡಿಟರೇನಿಯನ್ ಸಮುದ್ರದಲ್ಲಿ ಮಿತಿ ಶೇ 0.1ಕ್ಕೆ ಇಳಿದಿದ್ದರೂ ಸ್ಕ್ರಬ್ಬರ್ ದಾರಿ ಅಲ್ಲೂ ತೆರೆದೇ ಇದೆ. ಅದನ್ನು ಮುಚ್ಚುವ ದಿನಾಂಕವನ್ನು ಕಡಲ ಸಂಸ್ಥೆ ಈಗಲೇ ಗೊತ್ತುಮಾಡಲಿ.