ಬಿಡಿಭಾಗಗಳ ಪಿಸ್ತೂಲು ಕಲಿಸುವ ಪಾಠ

ವಿದ್ಯೆಯೆಂದರೆ ಪುಸ್ತಕವೆಂದೂ, ಕೈಕೆಲಸವೆಂದರೆ ವಿದ್ಯೆಯಿಲ್ಲದವರ ಪಾಡೆಂದೂ ನಮ್ಮಲ್ಲಿ ಒಂದು ಭಾವನೆ ಬೇರೂರಿದೆ. ಇದು ಸರಿಯಲ್ಲವೆಂದು ತೋರಿಸಲು ನಾನು ಆರಿಸಿಕೊಂಡ ಉದಾಹರಣೆಯನ್ನು ಕೇಳಿ ಮಿತ್ರರು ನಕ್ಕಾರು. ಅದು ಅಮೆರಿಕದಲ್ಲಿ ಬಿಡಿಭಾಗಗಳಾಗಿ ಮಾರಾಟವಾಗುವ, ಕೊಂಡವರೇ ಜೋಡಿಸಿಕೊಳ್ಳುವ ಹಳೆಯ ಮಾದರಿಯ ಪಿಸ್ತೂಲು.

ಮದ್ದನ್ನೂ ಗುಂಡನ್ನೂ ಕೊಳವೆಯ ಬಾಯಿಯಿಂದಲೇ ತುಂಬುವ ಆಯುಧವಿದು. ನಮ್ಮ ಮಲೆನಾಡಿನ ಕೇಪಿನ ಕೋವಿಯೂ ಇದೇ ಜಾತಿಯದು. ಟೆನೆಸಿ ರಾಜ್ಯದಲ್ಲಿ 1954ರಲ್ಲಿ ಆರಂಭವಾದ ಡಿಕ್ಸಿ ಗನ್ ವರ್ಕ್ಸ್‌ನಂತಹ ಅಂಗಡಿಗಳು ಇವನ್ನು ಹವ್ಯಾಸಿಗಳಿಗೆ ಒದಗಿಸುತ್ತ ಬಂದಿವೆ. ನಮ್ಮ ದೇಶದಲ್ಲಾದರೋ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು ಅಪರಾಧ. ಅದು ಹಾಗೆಯೇ ಇರಲಿ. ನನಗೆ ಬೇಕಾದುದು ಆಯುಧವಲ್ಲ, ಅದನ್ನು ಜೋಡಿಸುವ ಹೊಸಬನು ಪಡೆಯುವ ಶಿಕ್ಷಣ.

ಪೆಟ್ಟಿಗೆಯಲ್ಲಿರುವುದು ಒಂದು ಕೊಳವೆ, ಕಿಡಿ ಹುಟ್ಟಿಸುವ ಕೀಲು, ಕೆಲವು ಹಿತ್ತಾಳೆಯ ತುಣುಕುಗಳು, ಒರಟಾಗಿ ಕೊರೆದ ಮರದ ಹಿಡಿ. ಒಂದು ಸಂಜೆಯ ಕೆಲಸವೆಂದು ತೋರುತ್ತದೆ. ಆದರೆ ಕೀಲು ಮರದ ಕುಳಿಯಲ್ಲಿ ಕೂರುವುದಿಲ್ಲ. ಬಲವಂತವಾಗಿ ಬಡಿದರೆ ಮರ ಸೀಳುತ್ತದೆ. ಆಗ ಲೋಹಕ್ಕೆ ದೀಪದ ಮಸಿ ಹಿಡಿಸಿ, ಕುಳಿಯಲ್ಲಿಟ್ಟು ಒತ್ತಿ ತೆಗೆಯಬೇಕು. ಮಸಿ ಹತ್ತಿದ ಕಡೆ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಹೆರೆಯಬೇಕು. ಮತ್ತೆ ಮಸಿ, ಮತ್ತೆ ಉಳಿ. ಹಿತ್ತಾಳೆಗೆ ಅರ, ಮರಕ್ಕೆ ಉಪ್ಪುಕಾಗದ, ಕೊನೆಗೆ ಅಗಸೆ ಎಣ್ಣೆ. ಹೆಚ್ಚಾಗಿ ಹೆರೆದ ಮರ ಮರಳಿ ಬಾರದು. ಇನ್ನು ಇಟಲಿ, ಸ್ಪೇನ್ ದೇಶಗಳಿಂದ ಬರುವ ಕೊಳವೆಗಳ ಮೇಲೆ ಒತ್ತಡದ ಪರೀಕ್ಷೆಯಲ್ಲಿ ತೇರ್ಗಡೆಯಾದ ಮುದ್ರೆಯಿರುತ್ತದೆ. ಅವುಗಳ ಬುಡಕ್ಕೆ ಹೊಸಬನು ಅರ ಹಚ್ಚಲೇಬಾರದು. ಎಲ್ಲಿ ಕೈ ಹಾಕಬಾರದೆಂಬ ವಿವೇಕವೂ ಕಲಿಕೆಯ ಭಾಗವೇ.

ಯಂತ್ರವೇ ಎಲ್ಲವನ್ನೂ ಸರಿಯಾಗಿ ಕೊರೆದು ಕೊಡಲಾರದೆ ಎಂದು ಕೇಳಬಹುದು. ಅಳತೆ ತಪ್ಪದ ಭಾಗಗಳನ್ನು ಮಾಡಬಹುದೆಂಬುದು ಹಳೆಯ ಸಂಗತಿ. 1785ರಲ್ಲಿ ಫ್ರಾನ್ಸಿನಲ್ಲಿದ್ದ ಥಾಮಸ್ ಜೆಫರ್ಸನ್ ಅವರ ಮುಂದೆ ಒನೋರೆ ಬ್ಲಾಂ ಎಂಬ ಕುಶಲಕರ್ಮಿ 50 ಬಂದೂಕುಗಳ ಕೀಲುಗಳನ್ನು ಬಿಚ್ಚಿಟ್ಟನು. ಜೆಫರ್ಸನ್ನರು ಕೈಗೆ ಸಿಕ್ಕ ಭಾಗಗಳನ್ನೇ ತೆಗೆದು ಕೆಲವನ್ನು ತಾವೇ ಜೋಡಿಸಿದರು. ಎಲ್ಲವೂ ಚೆನ್ನಾಗಿ ಹೊಂದಿಕೊಂಡವೆಂದು ಸ್ವದೇಶಕ್ಕೆ ಬರೆದರು. ನಮ್ಮೂರಿನ ಸೈಕಲ್ಲಿಗೆ ಬೇರೆಲ್ಲೋ ತಯಾರಾದ ಚೈನು ಇಂದು ಹೊಂದುವುದು ಇದೇ ತತ್ತ್ವದಿಂದ. ಅದು ಲೋಕೋಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ದಿನ ಜೋಡಿಸಿದವರು ಜೆಫರ್ಸನ್ನರಾದರೂ, ಕೀಲಿನ ಮರ್ಮ ಬಲ್ಲವನು ಬ್ಲಾಂ.

ಈ ಮಾತು ನಮಗೂ ಅನ್ವಯಿಸುತ್ತದೆ. ನಮ್ಮ ಬಿ.ಎ. ಪದವಿಯೂ ಒಂದು ಬಿಡಿಭಾಗಗಳ ಪೆಟ್ಟಿಗೆಯೇ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಎಲ್ಲವೂ ಅದರಲ್ಲಿವೆ. ಸಿದ್ಧ ಉತ್ತರಗಳ ಗೈಡುಗಳಲ್ಲಿ ಪ್ರತಿಯೊಂದು ಭಾಗವೂ ಅರ ಸೋಕದೆ ಪ್ರಶ್ನೆಗೆ ಹೊಂದಿಕೊಳ್ಳುತ್ತದೆ. ನಾವು ತೇರ್ಗಡೆಯಾಗುತ್ತೇವೆ, ಆದರೆ ಒಂದು ವಿಚಾರವನ್ನು ಇನ್ನೊಂದಕ್ಕೆ ಸ್ವಂತ ಶ್ರಮದಿಂದ ಕೂಡಿಸಲು ಕಲಿತಿರುವುದಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನೇಗಿಲು, ಬಾಗಿಲು ಮಾಡುವ ನನ್ನ ತಂದೆಯವರು ಮಗನ ಕೈಗೆ ಉಳಿ ಬರಬಾರದೆಂದೇ ಓದಿಸಿದರು. ಅವರಿಗೆ ನಾನು ಋಣಿ. ಆದರೆ ಅವರ ಪರೀಕ್ಷೆ ನಮ್ಮದಕ್ಕಿಂತ ಕಠಿಣವೆಂದು ಹೇಳಲೇಬೇಕು. ನೂರಕ್ಕೆ 35ರಷ್ಟು ಮಾತ್ರ ಸರಿಯಾಗಿದ್ದರೆ ಬಾಗಿಲು ಮುಚ್ಚುವುದಿಲ್ಲ.

ಗಾಂಧೀಜಿಯವರು 1937ರಲ್ಲಿಯೇ ವಾರ್ಧಾದಲ್ಲಿ ಕೈಕೆಲಸದ ಮೂಲಕ ಶಿಕ್ಷಣವೆಂಬ ವಿಚಾರವನ್ನು ದೇಶದ ಮುಂದಿಟ್ಟರು. ಅದು ಮಕ್ಕಳ ಶಾಲೆಗೆ ಮಾತ್ರ ಸಲ್ಲಬೇಕೆ? ವಾರಕ್ಕೊಂದು ಮಧ್ಯಾಹ್ನ ನಮ್ಮ ಕಾಲೇಜಿನಲ್ಲಿ ಒಂದು ಕೊಠಡಿ, ನಾಲ್ಕು ಉಳಿ, ನಾಲ್ಕು ಅರಗಳಿರಲಿ. ಪಿಸ್ತೂಲು ಬೇಡ, ಒಂದು ಮಣೆ, ಒಂದು ಪುಸ್ತಕದ ಗೂಡು ಸಾಕು. ಊರಿನ ಬಡಗಿಗಳು, ಕಮ್ಮಾರರು ಅಲ್ಲಿ ನಮಗೆ ಗುರುಗಳಾಗಲಿ. ನಮ್ಮ ಅಧ್ಯಾಪಕರು ಪಡೆಯುವ ಗೌರವವೇ ಅವರಿಗೂ ಸಲ್ಲಲಿ. ಮಸಿ ಹತ್ತಿದ ಕಡೆ ಮಾತ್ರ ಹೆರೆಯಬೇಕೆಂಬ ತಾಳ್ಮೆಯನ್ನು ಕೈ ಕಲಿತರೆ, ಬುದ್ಧಿ ಅದನ್ನು ಬೇಗನೆ ಹಿಂಬಾಲಿಸುತ್ತದೆ.